ಇಲ್ಲ ಐತಿ

ಯಂತ್ರಕ್ಕೆ ಕನ್ನಡದಲ್ಲಿ ಕೆಲಸ ಹೇಳಲು ಹೋದವನಿಗೆ ನಗಲು ಬೇರೆ ಕಾರಣ ಬೇಕಾಗುವುದಿಲ್ಲ. ದಿನಾ ಒಂದು ಒದಗುತ್ತದೆ.

ನಾನು ರೋಣದ ತಂತಿ ಕಚೇರಿಯಲ್ಲಿ ದುಡಿದವನು. ಕಡಿಮೆ ಶಬ್ದದಲ್ಲಿ ಸುದ್ದಿ ಮುಗಿಸುವುದು ಅಲ್ಲಿಯ ರೂಢಿ. ನಿವೃತ್ತಿಯಾದ ಮೇಲೂ ಅದು ಬಿಟ್ಟುಹೋಗಲಿಲ್ಲ. ಮನೆಯವಳಿಗೆ ಇದೇ ಬೇಸರ.

ಗಜೇಂದ್ರಗಡದ ಸೀರೆ ವ್ಯಾಪಾರಿ ನನ್ನ ಗೆಳೆಯ. ಅವನ ಸೊಸೆಗೆ ಮಾತ್ರ ನನ್ನ ಈ ಗುಣವೇ ಬೇಕಾಯಿತು. ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ಅವಳದು ಕಂಪ್ಯೂಟರ್ ಕೆಲಸ. ಜನ ಇಮೇಲ್ ಪತ್ರಗಳನ್ನು ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಹಾಕಿಡುತ್ತಾರಲ್ಲ, ಎಐ ಸಹಾಯಕ ಅವನ್ನು ಮುಟ್ಟುವ ಮೊದಲು ಯಾವುದು ಎಲ್ಲಿದೆ ಎಂದು ತಿಳಿದುಕೊಳ್ಳಬೇಕು. ಫೋಲ್ಡರಿನ ಹೆಸರು ಕೊಟ್ಟರೆ ಅದರ ಜಾಗ ಹೇಳುವ ಸಾಧನವನ್ನು ಅವಳು ಮಾಡಿದ್ದಳು. ಅದನ್ನು ಬಳಸುವ ರೀತಿಯನ್ನು ಎಐಗೆ ಬರೆದುಕೊಡಬೇಕು. ಅದು ಓದಿ, ಬರೆದಷ್ಟೇ ಮಾಡುತ್ತದೆ.

ಮೊದಲ ಗಿರಾಕಿ ನರಗುಂದದ ಕಡಲೆ ವ್ಯಾಪಾರಿ, ಹಿರಿಯ ಸಾಹೇಬರು. ತಮ್ಮ ಪತ್ರ ಮುಟ್ಟುವ ಯಂತ್ರಕ್ಕೆ ಏನು ಹೇಳಿಕೊಟ್ಟಿದ್ದೀರಿ ಎಂಬುದು ತಮಗೂ ಓದಲು ಬರಬೇಕು ಎಂದಿದ್ದರು. ಹಾಗಾಗಿ ಕನ್ನಡ. ಅವರ ಅಂಗಡಿಯಲ್ಲೇ ಪರೀಕ್ಷೆ, ಗೆದ್ದರೆ ಕೆಲಸ. ಈ ಕೆಲಸ ಕೈತಪ್ಪಿದರೆ ಕೋಣೆ ಖಾಲಿ ಮಾಡು, ಸೀರೆ ಗಂಟು ಇಡಬೇಕು ಎಂದು ಮಾವ ಸೊಸೆಗೆ ಹೇಳಿಯಾಗಿತ್ತು.

ತೆಗಿ

ಮೊದಲ ಸಾಲು ನಾನೇ ಬರೆದೆ: "ಹೆಸರು ಹುಡುಕು. ಫೋಲ್ಡರ್ ತೆಗೆ." ಸೊಸೆ ಅದನ್ನು ತನ್ನ ಹಳೆಯ ಇಮೇಲ್ ಖಾತೆಯ ಮೇಲೆ ಪ್ರಯೋಗಿಸಿದಳು. ಸಹಾಯಕ ತಿರುಗಿ ಕೇಳಿತು: ತೆಗೆ ಎಂದರೆ ತೆರೆಯಬೇಕೋ, ತೆಗೆದುಹಾಕಬೇಕೋ?

ಬಾಗಿಲಾ ತೆಗಿ ಅಂದರೆ ನಮ್ಮಲ್ಲಿ ಯಾರೂ ಚೌಕಟ್ಟು ಕಿತ್ತಿಲ್ಲ ಎಂದೆ.

"ಕಾಕಾ, ಅದು ಕೇಳಿದ್ದಕ್ಕ ಉಳಿದೀವಿ," ಎಂದಳು.

ಖರೆ. ಕೇಳದೆ ತೆಗೆದಿದ್ದರೆ ಸಾಹೇಬರ ಕಡಲೆ ವ್ಯವಹಾರವೆಲ್ಲ ಹೋಗುತ್ತಿತ್ತು. ಅವಳು ಆ ಸಾಲು ಹೊಡೆದುಹಾಕಿ ಹೊಸದು ಬರೆದಳು: ಈ ಸಾಧನ ಜಾಗ ಹೇಳುತ್ತದೆ, ಅಷ್ಟೇ. ಏನನ್ನೂ ಅಳಿಸುವುದಿಲ್ಲ, ಹೊಸ ಫೋಲ್ಡರ್ ಮಾಡುವುದಿಲ್ಲ. ಜಾಗ ತಿಳಿದ ಮೇಲೆ ತೆರೆಯುವುದು, ಪತ್ರ ಸರಿಸುವುದು ಸಹಾಯಕನ ಕೆಲಸ. ನನಗೆ ಒಪ್ಪಿಗೆಯಾಯಿತು.

ಆ ಸಂಜೆ ಮನೆಗೆ ಬಂದು ಹೆಂಡತಿಗೆ "ಬಾಗಿಲು ತೆರೆ" ಎಂದೆ. ಒಳಗಿನಿಂದ ಕೇಳಿದಳು, "ಯಾರ್ರಿ ಅದು?"

ಎರಡು ಸವಡಿ

ಗೆಳೆಯನಿಗೆ ಸೊಸೆಯ ಈ ಕೆಲಸದ ಮೇಲೆ ಅನುಮಾನ ಹೋಗಿರಲಿಲ್ಲ. ಮಾಳಿಗೆ ಹತ್ತಿ ಬಂದು, ಅಂಗಡಿಯ ಇಮೇಲ್‌ನಲ್ಲಿ ಸವಡಿ ಫೋಲ್ಡರ್ ಹುಡುಕಿಸು ಎಂದ. ಸಹಾಯಕ ಹೇಳಿತು: ಸವಡಿ ಎಂಬ ಫೋಲ್ಡರ್ ಎರಡಿವೆ, ನಿಮಗೆ ಯಾವುದು ಬೇಕು?

ಒಂದು ಸವಡಿ ಊರಿನ ಗಿರಾಕಿಗಳದು. ಇನ್ನೊಂದು ಸವಡಿ ಎಂಬ ಅಡ್ಡಹೆಸರಿನ ನೇಕಾರನದು. ಒಂದೇ ಹೆಸರಿನವು ಎರಡಿದ್ದರೆ ಊಹಿಸಬೇಡ, ಕೇಳು ಎಂದು ಸೊಸೆ ಬರೆದಿದ್ದಳು.

ಗೆಳೆಯ ಪರದೆಗೆ ಬಗ್ಗಿ ಓದಿದ. "ನಮ್ಮ ಅಂಗಡ್ಯಾಗ ಒಬ್ಬನರ ಹಿಂಗ ಕೇಳಿದ್ರ," ಎಂದ, "ನೇಕಾರನ ನೂಲು ಬಸ್ ಹತ್ತಿ ಸವಡಿಗೆ ಯಾಕ ಹೋಗ್ತಿತ್ತು?"

ಸಿಗದಿದ್ದರೆ

ಫೋಲ್ಡರ್ ಸಿಗದಿದ್ದರೆ ಏನು ಹೇಳಬೇಕು? "ಇಲ್ಲ ಅನ್ನು" ಎಂದು ಬರೆದೆ. ಸೊಸೆ ಅದನ್ನೂ ಹೊಡೆದಳು. ಇಂಥ ಹೆಸರಿನ ಫೋಲ್ಡರ್ ಸಿಗಲಿಲ್ಲ ಎಂದು ಹೆಸರು ಸೇರಿಸಿ ಪೂರ್ತಿ ಹೇಳು ಎಂದು ಬರೆದಳು.

"ಒಂದು ಶಬ್ದದ ಕೆಲಸಕ್ಕ ಇಷ್ಟುದ್ದ ಯಾಕವಾ?"

"ಬರೇ ಇಲ್ಲ ಅಂದ್ರ, ಏನ ಇಲ್ಲ ಅನ್ನೋದು ತಿಳೀಬೇಕಲ್ರಿ ಕಾಕಾ."

ಇದನ್ನು ಮನೆಯಲ್ಲಿ ಹೇಳಿದೆ. ಮರುದಿನ ಹೆಂಡತಿ ಅವಳಿಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದಳು.

ನರಗುಂದದಲ್ಲಿ

ಪರೀಕ್ಷೆಯ ದಿನ ಸಾಹೇಬರು ಚಹಾ ಕೊಟ್ಟರು. ನಾವು ಬರೆದದ್ದನ್ನು ಕನ್ನಡಕ ಹಾಕಿ ಓದಿದರು. "ಇಲ್ಲ ಹುಡುಕ್ಲಿ ನೋಡೋಣು," ಎಂದರು.

"ಏನ ಇಲ್ರಿ ಚಾಚಾ?" ಎಂದಳು ಸೊಸೆ.

"ಇಲ್ಲ."

"ಇಲ್ಲದ್ದು ಹ್ಯಾಂಗ ಹುಡುಕೋದ್ರಿ?"

"ಅದರ ಹೆಸರ ಇಲ್ಲ."

ಆಗ ತಿಳಿಯಿತು. ಬೇಡ ಎನ್ನಬೇಕಾದ ಪತ್ರಗಳನ್ನೆಲ್ಲ ಅವರು "ಇಲ್ಲ" ಎಂಬ ಫೋಲ್ಡರಿಗೆ ತಳ್ಳುತ್ತಿದ್ದರು. ನನ್ನ ಒಂದು ಶಬ್ದದ ಉತ್ತರ ಉಳಿದಿದ್ದರೆ ಸಿಕ್ಕರೂ ಇಲ್ಲ, ಸಿಗದಿದ್ದರೂ ಇಲ್ಲ. ಸಹಾಯಕ ಮಾತ್ರ ಸ್ಪಷ್ಟವಾಗಿ ಹೇಳಿತು: "ಇಲ್ಲ" ಎಂಬ ಹೆಸರಿನ ಫೋಲ್ಡರ್ ಇದೆ.

"ಶಾಬಾಸ್," ಎಂದರು ಸಾಹೇಬರು. "ಇಲ್ಲ ಐತಿ." ತೆರೆದು ತೋರಿಸಲು ಹೇಳಿದರು.

ತೆರೆಯಿತು. ಎಲ್ಲಕ್ಕಿಂತ ಮೇಲೆ ಸೊಸೆಯದೇ ಪತ್ರ, ಈ ಕೆಲಸ ಕೇಳಿ ಬರೆದದ್ದು.

ಸೊಸೆ ಚಹಾದ ಕಪ್ಪು ಕೆಳಗಿಟ್ಟಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅದನ್ನು ಅಲ್ಲಿ ಹಾಕಿದ್ದು ಅವರಿಗೆ ಮರೆತೇಹೋಗಿತ್ತು. ಕೆಲಸವನ್ನು ಹುಬ್ಬಳ್ಳಿಯ ಒಂದು ಕಂಪನಿಗೆ ಕೊಡುವುದೆಂದು ಮೊದಲೇ ನಿಶ್ಚಯಿಸಿದ್ದರಂತೆ; ನಮ್ಮನ್ನು ಕರೆದದ್ದು ಮುಲಾಜಿಗೆ.

"ನನ್ನ ಗುಟ್ಟು ನನ್ನ ಮುಂದನ ಹುಡುಕಿಕೊಟ್ಟೀ," ಎಂದರು. "ಇನ್ನೇನು ಪರೀಕ್ಷಾ ಮಾಡ್ಲಿ ಬೇಟಿ? ಕೆಲಸ ನಿಂದು." ಸಹಾಯಕನಿಗೆ ತಾವೇ ಅಪ್ಪಣೆ ಕೊಟ್ಟರು: ಈ ಪತ್ರವನ್ನು "ಹೌದು" ಫೋಲ್ಡರಿಗೆ ಹಾಕು.

ಉತ್ತರ ಬಂತು: "ಹೌದು" ಎಂಬ ಹೆಸರಿನ ಫೋಲ್ಡರ್ ಸಿಗಲಿಲ್ಲ.

ಸಾಹೇಬರು ತಲೆದೂಗಿದರು. "ಖರೇ ಹೇಳ್ತೈತಿ. ಇಷ್ಟು ವರ್ಷ ಅದರ ಜರೂರ ಬಿದ್ದಿದ್ದಿಲ್ಲ."

ನಮ್ಮ ಸಾಧನ ಹೊಸ ಫೋಲ್ಡರ್ ಮಾಡುವುದಿಲ್ಲವಲ್ಲ. ಅವರೇ ಒಂದು ಬೆರಳಿನಿಂದ ಒತ್ತಿ ಒತ್ತಿ ಮಾಡಿದರು.

ಸೊಸೆಯ ಕೋಣೆ ಉಳಿಯಿತು. ಸಾಹೇಬರ "ಹೌದು" ಫೋಲ್ಡರ್‌ನಲ್ಲಿ ಇಂದಿಗೂ ಆ ಒಂದೇ ಪತ್ರ ಇದೆಯಂತೆ.