ಬೆನ್ನ ಮೇಲಿನ ಕೆಮ್ಮಣ್ಣು

ಹಳೆಯ ಗೋಣಿಚೀಲ ಕೊಳ್ಳುವವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ತಿರುವಿ ನೋಡಿ. ಮಾರುವವನು ಮುಂಭಾಗವನ್ನಷ್ಟೇ ತೋರಿಸುತ್ತಾನೆ. ಇಲಿ ಕಡಿದ ತೂತು ಯಾವಾಗಲೂ ಹಿಂದೆಯೇ ಇರುತ್ತದೆ. ಚೀಲದ ಕಟ್ಟನ್ನು ತಲೆಯ ಮೇಲೆ ಹೊತ್ತು ಬೀದಿ ಸುತ್ತುತ್ತಿದ್ದ ನಾನು ಬ್ರೂಸ್‌ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿ ಗಾದಿಯ ಮೇಲೆ ಕುಳಿತದ್ದು ಈ ಮಾತಿನ ಬಲದಿಂದಲೇ. ಎತ್ತು ಕೊಳ್ಳಲು ಹೊರಟವರಿಗೂ, ಮಗಳಿಗೆ ಗಂಡು ನೋಡಲು ಹೊರಟವರಿಗೂ, ಅವರು ಕೇಳದಿದ್ದರೂ ಇದನ್ನು ಹೇಳಿಯೇ ಕಳಿಸಿದ್ದೇನೆ. ಇಂಥ ನಾನು ಜನ್ಮದಲ್ಲಿ ಒಂದೇ ಒಂದು ಸಲ ತಿರುವಿ ನೋಡದೆ ಕೆಟ್ಟೆ. ಕೆಡಿಸಿದ್ದು ಹೊಟ್ಟೆಕಿಚ್ಚು.

ವ್ಯಾಪಾರದ ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಪಕ್ಕದ ಅಂಗಡಿಗೆ ಗಿರಾಕಿ ಹೆಚ್ಚಾದರೆ ಅದಕ್ಕೆ ಉಪಾಯವಿದೆ. ನನ್ನ ಬಾಗಿಲಲ್ಲಿ ಒಂದು ಮಂಚ ಹಾಕಿ, ತಣ್ಣನೆಯ ನೀರಿನ ಕೊಡ ಇಟ್ಟರೆ ಅರ್ಧ ಗಿರಾಕಿಗಳು ಇತ್ತ ಬರುತ್ತಾರೆ. ಕುಸ್ತಿಯ ಹುಚ್ಚಿನಲ್ಲಿ ಹುಟ್ಟುವ ಹೊಟ್ಟೆಕಿಚ್ಚು ಬೇರೆ ಜಾತಿಯದು. ಅದರೊಡನೆ ಚೌಕಾಸಿ ನಡೆಯುವುದಿಲ್ಲ.

ನನ್ನ ಪೈಲ್ವಾನ ಕುರುಗೋಡಿನ ದೊಡ್ಡಬಸಪ್ಪ. ‘ನನ್ನ’ ಎಂದು ಸುಮ್ಮನೆ ಹೇಳುತ್ತಿಲ್ಲ. ಅವನಿನ್ನೂ ಮೀಸೆ ಮೂಡದೆ ಗರಡಿಯ ಮೂಲೆಯಲ್ಲಿ ಬೈಠಕ್ ಹೊಡೆಯುತ್ತಿದ್ದಾಗಲೇ, ಈ ಎತ್ತು ಗೆಲ್ಲುತ್ತದೆ ಎಂದು ಗುರುತಿಸಿದವನು ನಾನು. ಅಂದಿನಿಂದ ತಿಂಗಳಿಗೊಮ್ಮೆ ಅವನಿಗೆ ಬಾದಾಮಿ, ತುಪ್ಪ ಹೋಗುತ್ತಿತ್ತು. ತುಪ್ಪ ಕಾಯಿಸುವವಳು ನನ್ನ ಹೆಂಡತಿ ಗಂಗಮ್ಮ. ಯುದ್ಧ ಮುಗಿದರೂ ಎಲ್ಲದಕ್ಕೂ ಸರ್ಕಾರದ ಕಂಟ್ರೋಲು ಇದ್ದ ಕಾಲ. ನಮ್ಮ ಮನೆಯ ರೊಟ್ಟಿಗೆ ಶೇಂಗಾ ಎಣ್ಣೆ, ಕುರುಗೋಡಿನ ಹೊಟ್ಟೆಗೆ ಎಮ್ಮೆ ತುಪ್ಪ. “ನಮ್ಮನಿ ಎಮ್ಮಿ ಕುರುಗೋಡಿಗೇ ಕರು ಹಾಕೇತೇನೋ” ಎಂದು ಅವಳು ಒಲೆಯ ಮುಂದೆ ಕುಳಿತು ಹೇಳುತ್ತಿದ್ದಳು. ನಾನು ಕೇಳಿಸದವನಂತೆ ಗಿಂಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೆ.

ಆಗಿನ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಗರಡಿಯ ಕೆಮ್ಮಣ್ಣನ್ನು ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡುತ್ತಾರೆ. ಗೆದ್ದ ಪೈಲ್ವಾನ ಆ ಮಣ್ಣಿನ ಮೈಯಲ್ಲೇ ಅಖಾಡದಿಂದ ಎದ್ದು ಬಂದು ತನ್ನವನೊಬ್ಬನನ್ನು ತಬ್ಬಿಕೊಳ್ಳುತ್ತಾನೆ. ಆ ಮನುಷ್ಯನ ಬಿಳಿ ಅಂಗಿಯ ಬೆನ್ನ ಮೇಲೆ ಕೆಂಪಗೆ ಪೈಲ್ವಾನನ ಪಂಜ, ಅಂಗೈಯ ಅಚ್ಚು, ಮೂಡುತ್ತದೆ. ಆ ಅಂಗಿಯನ್ನು ಎಂಟು ದಿನ ಒಗೆಯಲು ಹಾಕುವಂತಿಲ್ಲ. ಅದನ್ನೇ ತೊಟ್ಟು ಪೇಟೆ ಸುತ್ತಬೇಕು. ಕೇಳಿದವರಿಗೆ ಕುಸ್ತಿಯ ಕಥೆ ಹೇಳಬೇಕು. ಈಗೀಗ ಟಿಕೇಟಿನ ಕುಸ್ತಿ ಬಂದಿದೆ. ನಾಲ್ಕು ಕಂಬಕ್ಕೆ ಹಗ್ಗ ಸುತ್ತಿ, ಹಲಗೆಯ ಮೇಲೆ ಬೂಟು ಹಾಕಿಕೊಂಡು ಧಡಧಡ ಬೀಳುತ್ತಾರೆ. ಹಗ್ಗ ನನ್ನ ಅಂಗಡಿಯದೇ ಆದ್ದರಿಂದ ನಾನು ಹೆಚ್ಚು ಬೈಯುವಂತಿಲ್ಲ. ಆದರೆ ಗೆದ್ದವನ ಮೈಗೆ ಮಣ್ಣೇ ಇಲ್ಲದ ಮೇಲೆ, ನೋಡಲು ಬಂದವನು ಮನೆಗೆ ಏನು ಒಯ್ಯಬೇಕು?

ಸಿರುಗುಪ್ಪದಲ್ಲಿ ದೊಡ್ಡಬಸಪ್ಪನ ದೊಡ್ಡ ಕುಸ್ತಿ ನಿಗದಿಯಾಯಿತು. ಇದ್ದಿಲಿನಿಂದ ಓಡುವ ಬಸ್ಸು. ಎರಡು ಕಡೆ ಇಳಿದು ನೂಕಿದೆವು. ಜೊತೆಗೆ ನನ್ನ ಪಕ್ಕದ ಅಂಗಡಿಯ ಬೆಲ್ಲದ ವ್ಯಾಪಾರಿ ಶರಣಪ್ಪನೂ ಇದ್ದ. ಅವನು ಹೊರಟದ್ದು ಅಕ್ಕಿ ನೋಡಲು. ಕುಸ್ತಿಯಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬುದೂ ಅವನಿಗೆ ತಿಳಿಯದು. ಅಖಾಡದ ಅಂಚಿನಲ್ಲಿ ನಿಂತು, “ವೀರಣ್ಣಾರ, ನಮ್ಮಾವ ಯಾಂವ ಇದರಾಗ?” ಎಂದು ಕೇಳಿದ. ಅವನನ್ನು ಪಶ್ಚಿಮದ ಅಂಚಿನಲ್ಲೇ ಬಿಟ್ಟು ನಾನು ಹೊಸ ಬಿಳಿ ಅಂಗಿ ತೊಟ್ಟು, ದೊಡ್ಡಬಸಪ್ಪ ಎದ್ದು ಬರುವ ಜಾಗವನ್ನು ಲೆಕ್ಕ ಹಾಕಿ, ಪೂರ್ವದ ದಿಕ್ಕಿಗೆ ನಿಂತಿದ್ದೆ.

ಅರ್ಧ ಗಂಟೆಯ ಮೇಲೆ ದೊಡ್ಡಬಸಪ್ಪ ಎದುರಾಳಿಯನ್ನು ಚಿತ್ ಮಾಡಿದ. ಕಣ್ಣಿಗೆ ಮಣ್ಣು ಹೊಕ್ಕಿತ್ತೋ, ಹಲಗೆ ಬಾರಿಸುವವರ ಸದ್ದಿಗೆ ದಿಕ್ಕು ತಪ್ಪಿತೋ, ಅವನು ಪಶ್ಚಿಮಕ್ಕೆ ಎದ್ದು ಬಂದ. ಅಲ್ಲಿ ಶರಣಪ್ಪ ಶೇಂಗಾ ಸುಲಿಯುತ್ತ ನಿಂತಿದ್ದ. ಅವನನ್ನೇ ಎತ್ತಿ ತಬ್ಬಿ, ಬೆನ್ನ ಮೇಲೆ ಎರಡೂ ಪಂಜ ಒತ್ತಿದ. ನಾಲ್ಕು ವರ್ಷದ ನನ್ನ ತುಪ್ಪ, ನನ್ನ ಕಣ್ಣೆದುರಿಗೇ ಬೆಲ್ಲದವನ ಬೆನ್ನಿಗೆ ಹತ್ತಿತು.

ಎಂಟು ದಿನವಲ್ಲ, ಹದಿನೈದು ದಿನ ಆ ಅಂಗಿ ನನ್ನ ಪಕ್ಕದಲ್ಲೇ ಓಡಾಡಿತು. ಶರಣಪ್ಪ ಬೆಲ್ಲ ತೂಗುವಾಗಲೂ ಬೀದಿಗೆ ಬೆನ್ನು ಮಾಡಿ ತೂಗುತ್ತಿದ್ದ. “ಪೈಲ್ವಾನರಿಗೆ ನಮ್ಮ ಮ್ಯಾಲ ಭಾಳ ಪ್ರೀತಿರಿ” ಎಂದು ಅವನು ಗಿರಾಕಿಗಳಿಗೆ ಹೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಚೀಲವನ್ನು ಅವನ ಕಡೆಗೇ ಧೂಳೆಬ್ಬಿಸಿ ಕೊಡವುತ್ತಿದ್ದೆ. ಕುಸ್ತಿಯ ವಿಷಯಕ್ಕೆ ನನ್ನ ಹತ್ತಿರ ಬರುತ್ತಿದ್ದ ಜನ ಒಂದು ಅಂಗಡಿ ಮುಂದಕ್ಕೆ ಹೋಗತೊಡಗಿದರು. ಇನ್ನೊಂದು ಕುಸ್ತಿಯ ಹೊತ್ತಿಗೆ ಅವನೇ ದೊಡ್ಡಬಸಪ್ಪನ ಮೊದಲ ಮನುಷ್ಯನಾಗಿ, ನಾನು ತುಪ್ಪ ಹೊರುವವನಾಗಿ ಉಳಿಯುವುದು ಖಾತ್ರಿಯಾಯಿತು.

ತಡೆಯದೆ ಕುರುಗೋಡಿಗೆ ಹೋದೆ. ದೊಡ್ಡಬಸಪ್ಪ ನೆಂಟರ ಊರಿಗೆ ಹೋಗಿದ್ದ. ತುಪ್ಪವನ್ನು ಗರಡಿಯ ಮುದುಕ ವಸ್ತಾದರ ಕೈಗೆ ಕೊಟ್ಟು, “ದೇವರ ಜಗಲಿಗೆ ಇಡ್ತೀನ್ರಿ” ಎಂದು ಒಂದು ಗಂಟು ಕೆಮ್ಮಣ್ಣು ಕಟ್ಟಿಸಿಕೊಂಡು ಬಂದೆ. ತನ್ನ ಬೆನ್ನ ಮೇಲೆ ತಾನೇ ಪಂಜ ಒತ್ತಿಕೊಳ್ಳುವ ವಿದ್ಯೆ ಮನುಷ್ಯನಿಗೆ ದೇವರು ಕೊಟ್ಟಿಲ್ಲ. ಇನ್ನೊಬ್ಬರ ಕೈ ಬೇಕು, ಗುಟ್ಟು ಕಾಯುವ ಕೈ ಬೇಕು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು, ರೊಟ್ಟಿ ಬಡಿಯುತ್ತಿದ್ದ ಗಂಗಮ್ಮನ ಮುಂದೆ ಕಲಸಿದ ಕೆಮ್ಮಣ್ಣು ಇಟ್ಟು ಬೆನ್ನು ತಿರುಗಿಸಿ ನಿಂತೆ.

“ಕಂಟ್ರೋಲ್ ಬಟ್ಟಿರಿ ಅದು. ಮಣ್ಣಿನ ಕಲಿ ಹೋಗಂಗಿಲ್ಲ” ಎಂದಳು.

“ಹೋಗಬಾರದಂತನ ಹಚ್ಚೂದು. ಬೆರಳು ಅಗಲ ಮಾಡು, ಜೋರ ಬಡಿ. ಪೈಲ್ವಾನನ ಕೈ ಇದ್ದಂಗ ಇರಬೇಕು.”

ಅವಳು ಬಡಿದಳು. ನಾಲ್ಕು ವರ್ಷದ ತುಪ್ಪದ ಸಿಟ್ಟೆಲ್ಲ ಅದರಲ್ಲಿತ್ತು. ನಾನು ಒಲೆಯವರೆಗೆ ಹೋಗಿ ನಿಂತೆ.

ಆ ದಿನ ಪೇಟೆಯ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದೆ. ನಾನಾಗಿ ಏನೂ ಹೇಳಲಿಲ್ಲ. ಒಳ್ಳೆಯ ಮಾಲನ್ನು ಕೂಗಿ ಮಾರಬಾರದು, ಗಿರಾಕಿಯೇ ಕೇಳಬೇಕು. ಹಿಂದೆ ಜನ ನಿಂತು ನೋಡುತ್ತಿದ್ದುದು ಗೊತ್ತಾಗುತ್ತಿತ್ತು. ಮನಸ್ಸಿಗೆ ತಂಪಾಯಿತು. ಕೊನೆಗೆ ಶರಣಪ್ಪ ತನ್ನ ಅಂಗಡಿಯಿಂದ ಇಳಿದು ಬಂದ.

“ವೀರಣ್ಣಾರ, ಸ್ವಲ್ಪ ಬೆಳಕಿಗೆ ತಿರುಗ್ರಿ.” ತಿರುಗಿದೆ. ಬಹಳ ಹೊತ್ತು ನೋಡಿದ. “ಅಲ್ರಿ, ನಮ್ಮ ದೊಡ್ಡಬಸಪ್ಪ ಯಾವಾಗಿಂದ ಬಳಿ ತೊಟ್ಟಾನ?”

ಬಾಲ ಹಿಡಿಯಲು ಹೊರಟ ನಾಯಿಯಂತೆ ಎರಡು ಸುತ್ತು ಸುತ್ತಿದರೂ ನನಗೆ ನನ್ನ ಬೆನ್ನು ಕಾಣಲಿಲ್ಲ. ಕಂಡವರು ಹೇಳಿದರು: ಒಂದು ಪುಟ್ಟ ಅಂಗೈ, ಅದರ ಬುಡದಲ್ಲಿ ಅರ್ಧಚಂದ್ರದಂತೆ ಸಾಲಾಗಿ ಆರು ಗಾಜಿನ ಬಳೆಗಳ ಗೆರೆ.

ಗಾದಿಯ ಮೇಲೆ ಕುಳಿತವನು ಕ್ಷಣದಲ್ಲಿ ಲಾಭನಷ್ಟ ಅಳೆಯಬೇಕು. ನಾನೇ ಒತ್ತಿಸಿಕೊಂಡೆ ಎಂದರೆ, ಖೋಟಾ ಪಂಜದವನ ಚೀಲವೂ ಖೋಟಾ ಎನ್ನುತ್ತಾರೆ. ಅಖಾಡದ ಅಂಚಿಗೆ ಯಾರೂ ಬಿಡುವುದಿಲ್ಲ. ಹೆಂಡತಿಯ ಕೈಲಿ ಏಟು ತಿಂದೆ ಎಂದರೆ ನಗುತ್ತಾರೆ, ಅಷ್ಟೇ. ನಗುವವರಲ್ಲಿ ಅರ್ಧ ಜನರ ಗತಿಯೂ ಅದೇ.

“ಒಲಿಗೆ ಕೆಮ್ಮಣ್ಣು ಹಚ್ಚಾಕತ್ತಿದ್ಲು,” ಎಂದೆ. “ಮಾತಿಗೆ ಮಾತು ಬಂತು.”

ಸಂಜೆಯ ಹೊತ್ತಿಗೆ ಸುದ್ದಿ ನೀರಿನ ನಲ್ಲಿಯ ಹೆಂಗಸರ ಮೂಲಕ ನಮ್ಮ ಮನೆ ಮುಟ್ಟಿತ್ತು. ಬಳೆಯ ಗೆರೆ ಕಂಡಿದ್ದರೂ ಯಾಕೆ ಹೇಳಲಿಲ್ಲವೆಂದು ಗಂಗಮ್ಮನನ್ನು ಕೇಳಿದೆ. “ಊರ ಚೀಲೆಲ್ಲಾ ತಿರುವಿ ನೋಡೋ ಮನಿಷ್ಯಾ, ಅಂಗಿ ಬಿಚ್ಚಿ ನೋಡ್ತೀರಂತ ಸುಮ್ನಿದ್ದೆ” ಎಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದಂತೆಯೇ. ಮುಂದಿನ ವಾರ ದೊಡ್ಡಬಸಪ್ಪನೇ ನಮ್ಮ ಮನೆಗೆ ಬಂದ. ಶರಣಪ್ಪನ ಅಂಗಡಿ ದಾಟಿಕೊಂಡೇ ಬಂದನೆಂದು ನನಗೆ ಖುಷಿಯಾಯಿತು. ಆದರೆ ಅವನು ನನ್ನನ್ನೂ ದಾಟಿ ಅಡುಗೆಮನೆಯ ಬಾಗಿಲಲ್ಲಿ ಮೊಣಕಾಲೂರಿದ. “ಅಕ್ಕಾರ, ನಾಕು ವರ್ಷ ನಿಮ್ಮ ಕೈತುಪ್ಪ ತಿಂದೀನಿ. ಅಣ್ಣಾರಂಥಾ ಗಟ್ಟಿ ಆಳನ್ನ ಒಂದ ಏಟಿಗೆ ಒಲಿಗೆ ಒಗದೀರಂತ ಊರೆಲ್ಲಾ ಹೇಳಾಕತ್ತೇತಿ. ಆದೋನಿಗೆ ಕುಸ್ತಿಗೆ ಹೊಂಟೀನಿ. ನನ್ನ ಬೆನ್ನಿಗೂ ಒಂದು ಕೊಡ್ರಿ.”

ಒಲೆಯವರೆಗೆ ಹೋಗಿ ನಿಂತ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ನಲ್ಲಿಯ ಹತ್ತಿರ ಹೇಳಿದವರು ಯಾರೆಂದು ವಿಚಾರಿಸುವ ಧೈರ್ಯವಾಗಲಿಲ್ಲ. ಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು, “ಗೆದ್ದು ಬಾ ತಮ್ಮಾ” ಎಂದು ಅವನ ಬೆನ್ನಿಗೆ ಫಟಾರನೆ ಒಂದು ಕೊಟ್ಟಳು. ಅವನು ಆದೋನಿಯಲ್ಲಿ ಗೆದ್ದ. ಅಖಾಡದಿಂದ ಎದ್ದವನು ನನ್ನ ಕಡೆಗೇ ಬಂದು ತಬ್ಬಿದಾಗ ನನ್ನ ಕಣ್ಣು ತುಂಬಿತು. ಕಿವಿಯಲ್ಲಿ ಅವನು ಹೇಳಿದ್ದು, “ಅಕ್ಕಾರಿಗೆ ತೋರಸ್ರಿ ಇದನ್ನ.”

ಅಲ್ಲಿಂದೀಚೆಗೆ ಕುಸ್ತಿಯ ಹಿಂದಿನ ದಿನ ಕುರುಗೋಡು, ಸಿರುಗುಪ್ಪದ ಪೈಲ್ವಾನರು ನಮ್ಮ ಅಡುಗೆಮನೆಯ ಮುಂದೆ ಬೆನ್ನು ಒಡ್ಡಿ ಸಾಲು ನಿಲ್ಲುತ್ತಾರೆ. ಶರಣಪ್ಪ ಅವರಿಗೆಂದು ಬೆಲ್ಲ ಕಳಿಸುತ್ತಾನೆ. ನಾನು ಹಾಲಿನ ಚೊಂಬು ಹಿಡಿದು ಹಿತ್ತಲ ಕಡೆಗೆ ನಿಂತಿರುತ್ತೇನೆ. ಪೇಟೆಯಲ್ಲಿ ನನ್ನ ಗುರುತು ಈಗ ಗಂಗಮ್ಮನ ಗಂಡ. ಶರಣಪ್ಪನ ಮೇಲಿದ್ದ ಹೊಟ್ಟೆಕಿಚ್ಚು ಎಂದೋ ಆರಿಹೋಗಿದೆ; ಅದರ ಬೆಂಕಿ ಮನೆಯೊಳಗೆ ಬಂದಿದೆ, ಅಷ್ಟೇ.

ಮೊನ್ನೆ ನಾನೂ ತಡೆಯಲಾರದೆ ಸಾಲಿನ ಕೊನೆಗೆ ಹೋಗಿ ಬೆನ್ನು ಕೊಟ್ಟು ನಿಂತೆ. ನನ್ನ ಸರದಿ ಬಂದಾಗ ಗಂಗಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಈ ಕಡಿ ತಿರುಗ್ರಿ,” ಎಂದಳು, “ಮುಂದ ಯಾವ ಅಖಾಡಕ್ಕ ಹೊಂಟೀರಿ?”  ಖಾಲಿ ಚೊಂಬನ್ನು ಕೈಗೆ ಕೊಟ್ಟು ಹಾಲಿಗೆ ಕಳಿಸಿದಳು.