ಒಣಸಾಲಿಗೆ ನೀರು ಹಾಕಬೇಡಿ

ಬೆಳೆ ಒಣಗಿತಲ್ಲ ಅಂತ ಅತ್ತವರನ್ನು ಬೇಕಾದಷ್ಟು ನೋಡಿದ್ದೇನೆ. ಒಣಗಲಿಲ್ಲವಲ್ಲ ಅಂತ ಅತ್ತವಳು ನನ್ನ ಮೊಮ್ಮಗಳೊಬ್ಬಳೇ. ಅವಳು ನಮ್ಮ ಹಿತ್ತಲಲ್ಲಿ ಕುಂಡ ತಂದಿಟ್ಟ ದಿನದಿಂದ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಬಂತು.

ಕಹಿ ರಸ

ಇವಳು ನನ್ನ ದೊಡ್ಡ ಮಗಳ ಮಗಳು. ಬೆಂಗಳೂರಲ್ಲಿ ಗಿಡಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಗುಡೇಮಾರನಹಳ್ಳಿಯ ನಮ್ಮ ಹಿತ್ತಲಲ್ಲಿ ಮಳೆ ಬೀಳದ ಹಾಗೆ ಪ್ಲಾಸ್ಟಿಕ್ ಚಪ್ಪರ ಹಾಕಿಸಿ, ಎರಡು ಸಾಲು ಕುಂಡಗಳಲ್ಲಿ ರಾಗಿ ಪೈರು ನೆಟ್ಟಳು. ಒಂದು ಸಾಲಿಗೆ ದಿನಾ ನೀರು. ಇನ್ನೊಂದಕ್ಕೆ ಹನಿಯೂ ಇಲ್ಲ.

"ಯಾಕವ್ವ ಈ ಪಾಪದ ಕೆಲಸ?" ಅಂದೆ.

"ಅಜ್ಜಿ, ಕಷ್ಟ ಬಂದಾಗ ಗಿಡ ತನ್ನ ಕಾಪಾಡ್ಕೊಳ್ಳಕ್ಕೆ ಒಳಗೇ ಏನೇನೋ ರಸ ಮಾಡ್ಕೊತದೆ. ಒಂದು ಕಹಿ, ಒಂದು ಒಗರು. ಅದು ಎಷ್ಟು ಹೆಚ್ಚಾಯ್ತು ಅಂತ ಅಳೀಬೇಕು."

"ಇದಕ್ಕೆ ಇಷ್ಟು ಓದಬೇಕಾ? ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ನನ್ನ ನಾಲಿಗೇಲಿ ಆ ರಸ ಎಷ್ಟಿತ್ತು ಅಂತ ನಿಮ್ಮ ತಾತನ್ನ ಕೇಳು."

ಜಗಲಿ ಮೇಲಿದ್ದ ನಮ್ಮ ಯಜಮಾನರು ತಲೆ ಎತ್ತದೆ ಅಂದರು: "ಇನ್ನೂ ಇಳಿದಿಲ್ಲ ಕಣವ್ವ. ಬೇಕಾದ್ರೆ ಇವತ್ತೇ ಅಳ್ಕೊ."

ಬಾಡದ ಪೈರು

ಅವಳು ವಾರವೆಲ್ಲ ಬೆಂಗಳೂರಲ್ಲಿದ್ದು ಶನಿವಾರ ಬರುವಳು. ನೀರುಸಾಲಿಗೆ ನೀರು ಹಾಕುವ ಕೆಲಸ ನನ್ನದು. ಎರಡನೇ ಶನಿವಾರ ಬಂದು ನೋಡಿದರೆ ಒಣಸಾಲು ಹಚ್ಚಗೆ ನಿಂತಿದೆ. ಅವಳು ಕುಣಿದಾಡಿ ತನ್ನ ಗುರುಗಳಿಗೆ ಫೋನ್ ಮಾಡಿದಳು.

"ಸಾರ್, ಈ ತಳಿ ಬರಾನೇ ಲೆಕ್ಕಕ್ಕಿಟ್ಟಿಲ್ಲ! ನೀರೇ ಇಲ್ದೆ ಹಸಿರಾಗೈತೆ!"

ನಾನು ನಡುವೆ ಬಾಯಿ ಹಾಕಿದೆ. "ನೀರಿಲ್ದೆ ಅಂತ ಯಾರು ಹೇಳಿದ್ರು ಮಗ? ಒಂದೇ ಪಂಕ್ತೀಲಿ ಕೂರಿಸಿ ಅರ್ಧ ಜನಕ್ಕೆ ಬಡಿಸಿ, ಇನ್ನರ್ಧ ಜನ ನೋಡ್ಕಂಡ್ ಕೂತ್ಕಳಿ ಅನ್ನಕ್ಕಾಯ್ತದಾ? ಇವಕ್ಕೂ ದಿನಾ ಕೈ ತೊಳೆದ ನೀರು ಒಂದೊಂದ್ ಚೆಂಬು ಹಾಕ್ತಿದ್ದೆ."

ಅವಳು ಅತ್ತಿದ್ದು ಆಗಲೇ. ಅಳು ನಿಂತ ಮೇಲೆ ಮತ್ತೆ ಫೋನ್ ಹಚ್ಚಿದಳು. "ಸಾರ್, ಹೊಸ ತಳಿ ಅಲ್ಲ. ಹಳೇ ಅಜ್ಜಿ."

ಹುಳದ ಊಟ

ಸರಿ, ನೀರಿನ ಗೊಡವೆಯೇ ಬೇಡ, ಎಲೆಗೆ ಯಾವ ಸೊಪ್ಪಾದರೂ ಮೇಯುವ ಹುಳ ಬಿಡುತ್ತೇನೆ, ಹುಳ ಕಚ್ಚಿದರೂ ಗಿಡಕ್ಕೆ ಕಷ್ಟವೇ ಅಂದಳು. ಹೊಸ ಪೈರು ನೆಟ್ಟು, ಹುಳ ಬಿಟ್ಟು, ಸುತ್ತ ಸೊಳ್ಳೆಪರದೆ ಕಟ್ಟಿ ಹೋದಳು. ನಾನು ಆ ಕಡೆ ತಲೆಯೂ ಹಾಕಲಿಲ್ಲ.

ಶನಿವಾರ ಬಂದು ನೋಡಿದರೆ ಒಂದು ಎಲೆಯೂ ತೂತಾಗಿಲ್ಲ. ಹುಳಗಳು ದಪ್ಪಗಾಗಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಒರಗಿಕೊಂಡಿವೆ. ಪಕ್ಕದ ಮನೆಯವಳನ್ನು ಕೂಗಿದೆ. ಅವಳು ರೇಷ್ಮೆ ಹುಳ ಸಾಕುವವಳು.

"ಹೂಂ ಕಣಜ್ಜಿ, ನಾನೇ ಹಾಕ್ದೆ. ನಮ್ಮ ಹುಳಕ್ಕೆ ಸೊಪ್ಪು ಹಾಕೋವಾಗ ಇವಕ್ಕೂ ಒಂದೊಂದ್ ಹಿಡಿ. ಯಾರ ಮನೇದಾದ್ರೇನು, ಹುಳ ಹಸ್ಕಂಡಿದ್ರೆ ನಂಗೆ ನಿದ್ದೆ ಬರಾಕಿಲ್ಲ."

ಮೊಮ್ಮಗಳು ತಲೆ ಹಿಡಿದು ಕೂತಳು. "ಅಜ್ಜಿ, ಈ ಬೀದೀಲಿ ಒಂದು ಗಿಡಕ್ಕೆ ಕಷ್ಟ ಪಡಕ್ಕೂ ಬಿಡಲ್ವಲ್ಲ!"

ಕಾವಲು

ಇನ್ನು ಒಂದೇ ಸಲ, ಅದೂ ಕೆಟ್ಟರೆ ಪದವಿ ಮತ್ತೊಂದು ವರ್ಷ ಮುಂದಕ್ಕೆ ಅಂತ ಗುರುಗಳು ಹೇಳಿಬಿಟ್ಟರಂತೆ. ಹುಡುಗಿಯ ಮುಖ ನೋಡಲಾಗಲಿಲ್ಲ. ಮತ್ತೆ ನೀರುಸಾಲು, ಒಣಸಾಲು ಮಾಡಿದಳು. ಈ ಸಲ ನಾನೇ ಕುಂಡದ ಪಕ್ಕ ಚಾಪೆ ಹಾಕಿ ಕೂತೆ. ಬಿಂದಿಗೆ ಹೊತ್ತವರನ್ನು ಹಿತ್ತಲಿಗೇ ಬಿಡಲಿಲ್ಲ. ಒಣಸಾಲು ಸೊರಗಿ ಎಲೆ ಸುರುಟಿಕೊಂಡಿತು. ನಾನು ನೋಡಲಾರದೆ ಮುಖ ತಿರುಗಿಸಿ ಕೂತೆ. ಅವಳು ಮಾತ್ರ "ಬಾಡ್ತು ಅಜ್ಜಿ, ಬಾಡ್ತು!" ಅಂತ ನನ್ನ ಕೆನ್ನೆ ಹಿಂಡಿದಳು.

ಎಲೆ ಕೀಳುವ ದಿನ ಗುರುಗಳೇ ಬಂದರು. ಕನಕಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು. ಮೊದಲು ಊಟ ಅಂದೆ. ಮುದ್ದೆ, ಬಸ್ಸಾರು ಚೆನ್ನಾಗಿ ಉಂಡು, ಚೆಂಬು ಹಿಡಿದು ಕೈ ತೊಳೆಯಲು ಹಿತ್ತಲಿಗೆ ಬಂದರು. ನಮ್ಮ ಯಜಮಾನರ ಕಡೆ ಮುಖ ತಿರುಗಿಸಿ ಮಾತಾಡುತ್ತ ಮಾತಾಡುತ್ತ, ಒಣಸಾಲಿನ ಮೊದಲ ಕುಂಡದ ಮೇಲೆ ಕೈ ಚಾಚಿ ಚೆಂಬು ಬಗ್ಗಿಸಿದರು.

ಕೂಗುವಷ್ಟು ಹೊತ್ತಿರಲಿಲ್ಲ. ಪಕ್ಕದಲ್ಲೇ ಇದ್ದವಳು ನುಗ್ಗಿ ಎರಡೂ ಕೈಯಲ್ಲಿ ಚೆಂಬನ್ನು ಮೇಲಕ್ಕೆ ತಳ್ಳಿದೆ. ಒಂದು ಚೆಂಬು ನೀರು ಪೂರಾ ಅವರ ಮೈಮೇಲೆ.

ಸದ್ದಿಗೆ ಮೊಮ್ಮಗಳು ಓಡಿ ಬಂದಳು. ಗುರುಗಳು ತೊಪ್ಪೆಯಾಗಿ ನಿಂತಿದ್ದಾರೆ. ಅವಳು ಅವರನ್ನು ನೋಡಲೂ ಇಲ್ಲ. ಕುಂಡದ ಮುಂದೆ ಕೂತು ಮಣ್ಣಿಗೆ ಬೆರಳಿಟ್ಟಳು. "ಒಣಗೇ ಐತೆ ಅಜ್ಜಿ!"

ಗುರುಗಳು ಕನ್ನಡಕ ಒರೆಸುತ್ತ, "ಕೈ ತೊಳೆದ ನೀರು ದಂಡ ಮಾಡಬಾರದು, ಗಿಡದ ಬುಡಕ್ಕೆ ಹಾಕು ಅಂತ ನಮ್ಮವ್ವ ಕಲಿಸಿದ್ದು ಕಣಮ್ಮ. ಕೈ ತಾನಾಗೇ ಹೋಯ್ತು" ಅಂದರು.

"ನಮ್ಮವ್ವನೂ ಅದನ್ನೇ ಕಲಿಸಿದ್ದು ಸಾರ್. ಮೊದಲನೇ ಸಲ ಕೆಟ್ಟಿದ್ದು ಅದಕ್ಕೇ" ಅಂದೆ ನಾನು.

ಅವತ್ತು ಅವಳು ಎಲೆ ಕಿತ್ತಳು. ಗುರುಗಳು ನಮ್ಮ ಯಜಮಾನರ ಪಂಚೆ ಉಟ್ಟು, ಚಾಪೆ ಮೇಲೆ ಕೂತು ಒಂದೊಂದನ್ನೂ ಬರೆದುಕೊಂಡರು.

ಅವರ ಪ್ಯಾಂಟು ನೀರು ಸುರಿಸುತ್ತಿತ್ತು. ಅದನ್ನು ನೀರುಸಾಲಿನ ಮೇಲೆ ಒಣಹಾಕಿದೆ.