ಮುಚ್ಚಿದರೆ ಕಾಣುವ ಚಿತ್ರ

ಅಂದಿನ ಅನಾಹುತಕ್ಕೆಲ್ಲ ಕಾರಣ, ತೊಕುಜಿ ಎಂದಿನಂತೆ ತನ್ನ ತೋಫು ಅಂಗಡಿಯ ಶಟರ್ ಎತ್ತಿದ್ದು. ಆ ಬೀದಿಯಲ್ಲಿ ಇನ್ನೂ ವ್ಯಾಪಾರ ಮಾಡುತ್ತಿದ್ದವನು ಅವನೊಬ್ಬನೇ. ಮಿಕ್ಕವರೆಲ್ಲ ಎಂದೋ ಬಾಗಿಲು ಹಾಕಿದ್ದರು. ಟೋಕಿಯೊದಿಂದ ಬಂದ ಮಾಂಗಾ ಕಾಮಿಕ್ಸ್ ಕಲಾವಿದೆ ಸವಾಕೊ ಆ ಮುಚ್ಚಿದ ಶಟರ್‌ಗಳನ್ನೇ ಪುಟಗಳಾಗಿಸಿ ಬೀದಿಯುದ್ದಕ್ಕೂ ಒಂದು ಚಿತ್ರಕತೆ ಬರೆದಿದ್ದಳು. ಗೆರೆ ಅವಳದು, ಬಣ್ಣ ಬೀದಿಯವರದು, ಪಾತ್ರಗಳ ಬಾಯಿಯ ಮಾತೂ ಅವರದೇ.

ಕೊನೆಯ ಪುಟ ತೊಕುಜಿಯ ಶಟರ್ ಮೇಲಿತ್ತು. ಬರೆದುಕೊಳ್ಳಿ, ಆದರೆ ನಾನಂತೂ ಅಂಗಡಿ ಮುಚ್ಚುವವನಲ್ಲ ಎಂದು ಗೊಣಗಿಯೇ ಅವನು ಒಪ್ಪಿದ್ದ. ಅವರು ಬಣ್ಣ ಬಳಿದದ್ದು ಅವನು ತಂಗಿಯ ಊರಿಗೆ ಹೋಗಿದ್ದಾಗ. ಅವನ ಓಡಾಟವೆಲ್ಲ ಹಿತ್ತಿಲ ಬಾಗಿಲಿನಿಂದ, ಶಟರ್ ಎತ್ತುವುದು ಒಳಗಿನಿಂದ. ಹಾಗಾಗಿ ಆ ಚಿತ್ರವನ್ನು ಅವನಿನ್ನೂ ನೋಡಿರಲಿಲ್ಲ.

ಅಂದು ಚಿತ್ರಕತೆಯ ಉದ್ಘಾಟನೆ. ಜನ ಬರುತ್ತಾರೆಂದು ತೊಕುಜಿ ಎಂದಿನ ದುಪ್ಪಟ್ಟು ತೋಫು ಮಾಡಿದ್ದ. ಸೋಯಾ ಹಾಲಿನ ಗಿಣ್ಣು, ಸಂಜೆಗೆ ಹಳಸುವ ಪದಾರ್ಥ. ಇಂದೂ ಖರ್ಚಾಗದಿದ್ದರೆ ನಾಳೆ ತಾನೂ ಬಾಗಿಲು ಹಾಕುವುದೇ ಎಂದು ಅವನಿಗೆ ಗೊತ್ತಿತ್ತು.

ಜನ ಬಂದರು, ಕೊನೆಯ ಪುಟ ಕಾಣದೆ, ಅವನ ತೆರೆದ ಅಂಗಡಿ ನೋಡಿ ಮುಖ ಸಿಂಡರಿಸಿ ಹಿಂದಿರುಗಿದರು. ಬೀದಿ ಸಂಘದ ಅಧ್ಯಕ್ಷ ಹಿರಬಯಾಶಿ ಓಡಿ ಬಂದ. ಅವನದು ಮುಚ್ಚಿಹೋದ ಛತ್ರಿಯಂಗಡಿ.

"ತೊಕುಜಿಯವ್ರೇ, ಒಂದೈದು ನಿಮಿಷ ಇಳಿಸ್ರೀ. ಕತೆ ಅರ್ಧಕ್ಕೇ ನಿಂತುಹೋಗಿದೆ."

"ನನ್ನ ತೋಫು?"

"ಕತೆ ಮುಗಿದ್ಮೇಲೆ ಜನಕ್ಕೆ ಹಸಿವಾಗುತ್ತೆ ಬಿಡಿ."

ತೊಕುಜಿ ಇಳಿಸಿದ. ಹೊರಗೆ ಚಪ್ಪಾಳೆ, ಒಳಗೆ ಕತ್ತಲಲ್ಲಿ ಅವನು, ಅವನ ತೋಫು. ಎತ್ತಿ ಇನ್ನೇನು ಒಂದು ಗಿರಾಕಿ ಬಂತು ಅನ್ನುವಾಗ, ಟಿವಿಯವರು ಬಂದಿದ್ದಾರೆ ಇಳಿಸಿ ಎಂದು ಮುಚ್ಚಿದ ಕ್ಷೌರದಂಗಡಿಯ ಓನುಕಿಯಮ್ಮ ಕೂಗಿದಳು. ಆಮೇಲೆ ಮೇಯರ್. ಆಮೇಲೆ ಶಾಲೆಯ ಮಕ್ಕಳು. ಮಕ್ಕಳ ಸಲುವಾಗಿ ಇಳಿಸುವಾಗ ಹಳೆಯ ಸ್ಪ್ರಿಂಗ್ ಕಿತ್ತು ಶಟರ್ ಧಡಾರನೆ ಬಿತ್ತು. ಮತ್ತೆ ಜಪ್ಪಯ್ಯ ಎಂದರೂ ಏಳಲಿಲ್ಲ. ರಿಪೇರಿಯವನನ್ನು ಕರೆಸಿ ಎಂದು ಒಳಗಿನಿಂದ ಬಡಿದುಕೊಂಡರೆ, ಚಿತ್ರ ಹಾಳಾಗುತ್ತೆ, ಸುಮ್ಮನಿರಿ ಎಂದು ಹೊರಗಿನಿಂದ ಉತ್ತರ ಬಂತು.

ಕೊನೆಗೆ ಒಂದು ಬುಟ್ಟಿ ತೋಫು ಹೊತ್ತು, ಹಿತ್ತಿಲಿನಿಂದ ಬಳಸಿಕೊಂಡು ಬೀದಿಗೆ ಬಂದು, ಅವನು ಮೊದಲ ಸಲ ತನ್ನ ಶಟರ್ ನೋಡಿದ.

ಚಿತ್ರದಲ್ಲಿ ಅವನೇ ಇದ್ದ. ತುಂಬು ಪ್ರಾಯದವನು, ಹಬೆಯಾಡುವ ತೋಫುವಿನ ಮುಂದೆ, ವಿಶಾಲವಾಗಿ ತೆರೆದ ಅಂಗಡಿಯಲ್ಲಿ. ಅಂಗಡಿ ಮುಚ್ಚಿದವರೆಲ್ಲ ಗಿರಾಕಿಗಳಾಗಿ ಸಾಲು ನಿಂತಿದ್ದರು. ಅವನ ಬಾಯಿಗೆ ಬೀದಿಯವರು ಬರೆದ ಮಾತು: "ಬನ್ನಿ, ನಾನಿನ್ನೂ ಇದ್ದೇನೆ." ಇಷ್ಟು ವರ್ಷ ತನ್ನನ್ನು ಮೊಂಡ ಎಂದು ಆಡಿಕೊಂಡವರು ಹೀಗೆ ಬರೆದರಲ್ಲ ಎಂದುಕೊಳ್ಳುತ್ತ ಮುದುಕ ಶಟರ್ ಹತ್ತಿರ ಹೋದ.

ಶಟರ್ ಬುಡದಲ್ಲಿ ಹೂವು ರಾಶಿ ಬಿದ್ದಿತ್ತು. ಒಬ್ಬ ಹುಡುಗಿ ಕೈಮುಗಿದು ಅಳುತ್ತಿದ್ದಳು. ಇವರು ತೀರಿಕೊಂಡು ತುಂಬ ದಿನವಾಯಿತೇ ಎಂದು ಅವಳು ಚಿತ್ರ ತೋರಿಸಿ ಕೇಳಿದಳು. ತೊಕುಜಿ ಬಾಯಿ ತೆರೆಯುವಷ್ಟರಲ್ಲಿ ಹಿರಬಯಾಶಿ ಅವನ ಮೊಣಕೈ ಹಿಡಿದ.

"ಈಚೆಗೆ ಹೋದ್ರಮ್ಮ. ಕೊನೇವರೆಗೂ ಒಂದಿನ ಬಾಗಿಲು ಹಾಕ್ಲಿಲ್ಲ." ಆಮೇಲೆ ತೊಕುಜಿಯ ಕಿವಿಯಲ್ಲಿ, "ಜನ ಅಳ್ತಿದಾರೆ ಕಣ್ರೀ. ಕತೆ ಕೆಡಿಸ್ಬೇಡಿ" ಅಂದ.

ತೊಕುಜಿ ಬುಟ್ಟಿಯನ್ನು ಹುಡುಗಿಯ ಮುಂದೆ ಹಿಡಿದು, "ತಗೋಮ್ಮ, ಬೆಳಿಗ್ಗೆ ಮಾಡಿದ್ದು" ಅಂದ.

ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ಬೇಡ ಅಜ್ಜ. ಇವತ್ತು ಬೇರೆಯವರ ತೋಫು ಗಂಟಲಲ್ಲಿ ಇಳಿಯಲ್ಲ."